ಕೆ.ಗುಡಿಯಲ್ಲಿ ಎರಡು ರಾತ್ರಿ: ಹುಲಿ ಕಾಣದಿದ್ದರೂ ಪರವಾಗಿಲ್ಲ ಅನ್ನುವವರಿಗೆ

ಹುಲಿ ನೋಡಲೇಬೇಕು ಅಂತ ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ, ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗಿನ ಸಫಾರಿ ಕ್ಯಾಂಪ್ ಕೆ.ಗುಡಿ ನಿಮ್ಮ ಜಾಗ ಅಲ್ಲ. ಕಬಿನಿಗೆ ಹೋಗಿ. ಅಲ್ಲಿ ಬೇಸಿಗೆಯಲ್ಲಿ ಹಿನ್ನೀರು ಇಳಿದ ಬಯಲಿಗೆ ಆನೆಗಳು ಹಿಂಡುಗಟ್ಟಿ ಬರುತ್ತವೆ, ಹುಲಿ ಕಾಣುವ ಅದೃಷ್ಟವೂ ಜಾಸ್ತಿ. ಬಿಳಿಗಿರಿರಂಗನ ಬೆಟ್ಟದ ಕಾಡು ಹಾಗಲ್ಲ. ಇಲ್ಲೂ ಹುಲಿ ಇದೆ, ಆದರೆ ಹತ್ತಡಿ ದೂರದ ಪೊದೆಯಲ್ಲಿ ಮಲಗಿದ್ದರೂ ಗೊತ್ತಾಗುವುದಿಲ್ಲ. ನಾವು ಎರಡು ರಾತ್ರಿ ಇದ್ದು ಮೂರು ಸಫಾರಿ ಮಾಡಿ ಬಂದೆವು. ಹುಲಿಯ ಬಾಲ ಕೂಡ ಕಾಣಲಿಲ್ಲ.

ಲೆಕ್ಕಕ್ಕೆ ನಾಲ್ಕು ಸಫಾರಿ ಆಗಬೇಕಿತ್ತು. ಮೊದಲನೆಯದು ತಪ್ಪಿದ್ದು ನಮ್ಮದೇ ತಪ್ಪಿನಿಂದ. ಮೈಸೂರಿನಿಂದ ಚಾಮರಾಜನಗರ ಎಷ್ಟು ದೂರ ಮಹಾ ಅಂತ ನಿಧಾನವಾಗಿ ಹೊರಟೆವು. ನಂಜನಗೂಡು ಬಂತು. ಅಂದು ಸೋಮವಾರ. ನಮ್ಮತ್ತೆ ಗಾಡಿಯಲ್ಲಿದ್ದಾರೆ. ನಂಜುಂಡೇಶ್ವರನ ದರ್ಶನ ಮಾಡದೆ ಮುಂದೆ ಹೋಗುವ ಮಾತೇ ಇಲ್ಲ. ಸೋಮವಾರದ ಕ್ಯೂ ಹೇಗಿರುತ್ತೆ ಅಂತ ಗೊತ್ತಲ್ವಾ? ಕೆ.ಗುಡಿ ಮುಟ್ಟಿದಾಗ ಜೀಪುಗಳು ಆಗಲೇ ಕಾಡಿಗೆ ಹೋಗಿ ಹದಿನೈದು ನಿಮಿಷ ಆಗಿತ್ತು. ಅವು ಯಾರಿಗೂ ಕಾಯುವುದಿಲ್ಲ, ತಪ್ಪಿದ ಸಫಾರಿಗೆ ದುಡ್ಡೂ ವಾಪಸ್ ಬರುವುದಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೇ ಅಲ್ಲಿರುವ ಹಾಗೆ ಹೊರಡಿ.

ದಾರಿ ಎರಡಿದೆ. ಮೈಸೂರು ಕಡೆಯವರಿಗೆ ಚಾಮರಾಜನಗರದ ಮೇಲೆ ಹೊಂಡರಬಾಳು ಚೆಕ್‌ಪೋಸ್ಟ್ ದಾಟಿ ಹೋಗುವುದು ಸುಲಭ. ಬೆಂಗಳೂರಿನವರು ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಹಿಡಿದು ಗುಂಬಳ್ಳಿ ಚೆಕ್‌ಪೋಸ್ಟ್ ಕಡೆಯಿಂದ ಬೆಟ್ಟ ಹತ್ತಬಹುದು. ಕತ್ತಲಾದ ಮೇಲೆ ಗೇಟು ಹಾಕುತ್ತಾರೆ. ರಾತ್ರಿ ಹೊತ್ತು ಹೇಗೋ ಹೋಗೋಣ ಅನ್ನುವ ಯೋಚನೆ ಬೇಡ. ಬೈಕಿನ ಆಸೆಯನ್ನೂ ಬಿಡಿ, ಆನೆ ಓಡಾಡುವ ದಾರಿ ಅದು. ಕಾರಿಲ್ಲದವರು ಚಾಮರಾಜನಗರದವರೆಗೆ ರೈಲಿನಲ್ಲಿ ಬಂದು ಟ್ಯಾಕ್ಸಿ ಮಾಡಿಕೊಳ್ಳಬಹುದು. ಪೆಟ್ರೋಲ್, ಮಾತ್ರೆ, ಕೈಗೆ ಸ್ವಲ್ಪ ನಗದು, ಎಲ್ಲವನ್ನೂ ಕೆಳಗೇ ನೋಡಿಕೊಳ್ಳಿ. ಕ್ಯಾಂಪಿನ ಹತ್ತಿರ ಅಂಗಡಿ ಇಲ್ಲ.

ಪೂರ್ತಿ ಹೆಸರು ಕ್ಯಾತದೇವರಾಯನ ಗುಡಿ. ಈ ಬೆಟ್ಟದ ಆದಿವಾಸಿಗಳಾದ ಸೋಲಿಗರ ದೇವರು ಕ್ಯಾತದೇವರು. ಮೈಸೂರು ಮಹಾರಾಜರು ಶಿಕಾರಿಗೆ ಬರುತ್ತಿದ್ದ ಜಾಗ ಇದು, ಆಗಿನ ಬಂಗಲೆ ಈಗಲೂ ಇದೆ. ಕ್ಯಾಂಪ್ ನಡೆಸುವುದು ಸರ್ಕಾರದ ಜಂಗಲ್ ಲಾಡ್ಜಸ್. ಲಾಗ್ ಹಟ್‌ಗಳೂ ಇವೆ, ಟೆಂಟುಗಳೂ ಇವೆ. ನನ್ನನ್ನು ಕೇಳಿದರೆ ಟೆಂಟೇ ಚೆನ್ನ. ಟೆಂಟು ಅಂದರೆ ನೆಲದ ಮೇಲೆ ಚಾಪೆ ಅಂದುಕೊಳ್ಳಬೇಡಿ. ಮಂಚ ಇದೆ, ಹಿಂದೆಯೇ ಬಾತ್‌ರೂಮ್ ಇದೆ, ಮುಂದೆ ಕೂರಲು ಜಗಲಿಯಂಥ ಜಾಗ. ಟೀವಿ ಇಲ್ಲ, ಏಸಿ ಇಲ್ಲ. ಮೊಬೈಲ್ ಸಿಗ್ನಲ್ ಸಿಕ್ಕರೆ ಪುಣ್ಯ. ಪವರ್ ಬ್ಯಾಂಕು, ಟಾರ್ಚು ಇರಲಿ.

ಆ ಜಗಲಿಯ ಮೇಲೆ ಒಂದೇ ಒಂದು ತಪ್ಪು ಮಾಡಬೇಡಿ, ತಿಂಡಿ ಇಡಬೇಡಿ. ಅತ್ತೆ ಮನೆಯಿಂದ ಕೋಡುಬಳೆ ಮಾಡಿಕೊಂಡು ಬಂದಿದ್ದರು. ಡಬ್ಬಿಯನ್ನು ಕುರ್ಚಿಯ ಮೇಲಿಟ್ಟು ಮುಖ ತೊಳೆಯಲು ಒಳಗೆ ಹೋದೆ. ಠಣ್ ಅಂತ ಶಬ್ದ. ಹೊರಗೆ ಬಂದರೆ ಕೋತಿ ಮುಚ್ಚಳ ತೆಗೆದು ನಾಲ್ಕು ಕೋಡುಬಳೆ ಬಾಯಿಗೆ, ನಾಲ್ಕು ಕೈಗೆ ಹಾಕಿಕೊಂಡು ಕಂಬ ಏರಿತ್ತು. ಕೆಳಗೆ ಬಿದ್ದ ಚೂರುಗಳಿಗೆ ಎಲ್ಲಿಂದಲೋ ಎರಡು ಕಾಡುಹಂದಿ ಬಂದವು. ಮನುಷ್ಯರಿದ್ದಾರೆ ಅನ್ನುವ ಪರಿವೆಯೇ ಇಲ್ಲದೆ ತಿಂದು, ನೆಲ ಮೂಸಿ, ಹೋದವು. ಹಂದಿಗಳು ಅಲ್ಲಿ ಮನೆಯವರ ಹಾಗೇ ಓಡಾಡುತ್ತವೆ. ಸಾಧುವಾಗಿ ಕಾಣುತ್ತವೆ ಅಂತ ಮಕ್ಕಳನ್ನು ಹತ್ತಿರ ಬಿಡಬೇಡಿ. ರಾತ್ರಿ ಊಟದ ಮನೆಯಿಂದ ಟೆಂಟಿಗೆ ಒಬ್ಬರೇ ಬರಬೇಡಿ, ಅಲ್ಲಿನ ಹುಡುಗರನ್ನು ಕರೆದರೆ ಜೊತೆಗೆ ಬರುತ್ತಾರೆ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಫೆ, ಚೆನ್ನಾಗಿದೆ, ಖಾರ ಕಮ್ಮಿ.

ಸಫಾರಿ ಬೆಳಿಗ್ಗೆ ಒಂದು, ಸಂಜೆ ಒಂದು. ಬೆಳಿಗ್ಗೆಯದನ್ನು ಚಳಿ ಅಂತ ಬಿಡಬೇಡಿ. ನಾವು ಹೋಗಿದ್ದು ಅಕ್ಟೋಬರ್‌ನಲ್ಲಿ. ಕ್ಯಾಂಪ್ ಇರುವುದು ಸುಮಾರು 5,000 ಅಡಿ ಎತ್ತರದಲ್ಲಿ, ತೆರೆದ ಜೀಪು ಬೇರೆ. ಸ್ವೆಟರ್ ಇಲ್ಲದ ನನ್ನ ಮಗ ಅಜ್ಜಿಯ ಶಾಲು ಸುತ್ತಿಕೊಂಡು ಕೂತಿದ್ದ. ಕಿವಿ ಮುಚ್ಚುವ ಟೋಪಿ ಒಯ್ಯಿರಿ. ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಜಿಗಣೆಯೂ ಸಿಗುತ್ತದೆ, ಉದ್ದ ಕಾಲುಚೀಲ ಹಾಕಿ.

ನಮಗೆ ಸಿಕ್ಕಿದ್ದು ಕಾಟಿ, ಅಂದರೆ ಕಾಡುಕೋಣ. ತಿರುವಿನಲ್ಲಿ ಡ್ರೈವರ್ ಇಂಜಿನ್ ಆಫ್ ಮಾಡಿದರು. ಮೊದಲು ಏನೂ ಕಾಣಲಿಲ್ಲ. ಹುಲ್ಲು ಕೀಳುವ ಪರಕ್ ಪರಕ್ ಶಬ್ದ ಮಾತ್ರ ಕೇಳುತ್ತಿತ್ತು. ಆಮೇಲೆ ಮಂಜಿನೊಳಗಿಂದ ಒಂದು ಕಪ್ಪು ಭುಜ, ಅದರ ಹಿಂದೆ ಇನ್ನೊಂದು. ಒಟ್ಟು ಏಳು. ಮುಂದಿದ್ದದ್ದು ತಲೆಯೆತ್ತಿ ನೋಡಿತು, ಮೂಗಿನಿಂದ ಹಬೆ ಬಿಟ್ಟಿತು, ಮತ್ತೆ ಮೇಯತೊಡಗಿತು. ಹಟ್ಟಿಯದೇ ವಾಸನೆ. ಅತ್ತೆ ಮೆಲ್ಲಗೆ ‘ನಮ್ಮೂರ ಕೋಣ ಇದರ ಮುಂದೆ ಕರು ಕಣೋ’ ಅಂದರು. ಇಪ್ಪತ್ತು ನಿಮಿಷ ಅಲ್ಲೇ ಇದ್ದೆವು. ಅಷ್ಟರಲ್ಲಿ ಹಿಂದಿನಿಂದ ಬಂದ ಜೀಪಿನಲ್ಲಿ ಯಾರೋ ‘ಟೈಗರ್ ಸಿಕ್ತಾ?’ ಅಂತ ಕೂಗಿದರು. ಅಲ್ಲಿಗೆ ಮುಗಿಯಿತು, ಏಳೂ ಕಾಡಿಗೆ ನುಗ್ಗಿದವು. ದಯವಿಟ್ಟು ಕೂಗಬೇಡಿ.

ಎರಡನೇ ದಿನದ ಸಂಜೆ ಐದು ಸೀಳುನಾಯಿಗಳು ರಸ್ತೆ ದಾಟಿದವು. ಕಡವೆ, ಕಾಡುಕುರಿ, ಕೆಂದಳಿಲು ಪ್ರತಿ ಸಲವೂ ಸಿಕ್ಕವು. ಹಕ್ಕಿ ನೋಡುವವರು ಬೈನಾಕ್ಯುಲರ್ ಮರೆತರೆ ಅಳಬೇಕಾಗುತ್ತದೆ. ಕುರುಚಲು ಕಾಡು, ಎಲೆ ಉದುರುವ ಕಾಡು, ನಿತ್ಯಹಸಿರು ಕಾಡು, ಶೋಲಾ, ಹುಲ್ಲುಗಾವಲು ಎಲ್ಲವೂ ಒಂದೇ ಬೆಟ್ಟಸಾಲಿನಲ್ಲಿವೆ. ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ನಡುವಿನ ಸೇತುವೆಯಂತಿರುವ ಬೆಟ್ಟ ಇದು.

ರಸ್ತೆಯ ಎರಡೂ ಬದಿ ಲಂಟಾನ ಕಳೆ ನೋಡಿ ಬೇಜಾರಾಗುತ್ತದೆ. ಆಳೆತ್ತರ, ಗೋಡೆ ಕಟ್ಟಿದ ಹಾಗೆ. ನಮ್ಮ ಜೊತೆಗಿದ್ದ ಸೋಲಿಗರ ಹಿರಿಯರೊಬ್ಬರನ್ನು ಕೇಳಿದೆ. ‘ಮುಂಚೆ ನಾವು ತರಗು ಬೆಂಕಿ ಹಾಕ್ತಿದ್ದೊ ಅವ್ವ. ಎಲೆ ಮಾತ್ರ ಸುಟ್ಟೋಗದು, ಮರಕ್ಕೇನಾಯ್ತಿರ್ನಿಲ್ಲ. ಅದು ನಿಂತ್ಮೇಲೆ ಇದು ಎದ್ದದೆ’ ಅಂದರು. 1974ರಲ್ಲಿ ಇದು ಅಭಯಾರಣ್ಯ ಆದ ಮೇಲೆ ಬೆಂಕಿ ಹಾಕುವುದು, ಕಾಡು ಕಡಿದು ಬೇಸಾಯ ಮಾಡುವುದು ಎಲ್ಲ ನಿಂತವು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಇದೇ ಕಾಡಿನ ಮೇಲೆ ಸಮುದಾಯ ಹಕ್ಕೂ ಸಿಕ್ಕಿತು. ಹುಲಿ ಕಾಡಿನೊಳಗೆ ಜನರಿಗೆ ಹಕ್ಕು ಅಂದರೆ ಸಣ್ಣ ಮಾತಲ್ಲ. ಸಫಾರಿಯಲ್ಲಿ ಜೊತೆಗೆ ಬರುವವರು ಸೋಲಿಗರಾಗಿದ್ದರೆ ಹುಲಿ ಎಲ್ಲಿ ಅಂತ ಪೀಡಿಸುವ ಬದಲು ಮರಗಳ ಹೆಸರು ಕೇಳಿ. ಹೆಜ್ಜೇನು ಯಾವ ಮರ ಹಿಡಿಯುತ್ತೆ, ತುಡುವೆ ಎಲ್ಲಿ ಕೂರುತ್ತೆ ಅಂತ ಕೇಳಿ. ನನ್ನ ಮಗ ಕೇಳಿದ. ಒಂದು ಗಂಟೆ ಹೋಗಿದ್ದೇ ತಿಳಿಯಲಿಲ್ಲ.

ಬುಕಿಂಗ್ ವಿಚಾರ. ದರ ರೂಮಿಗಲ್ಲ, ತಲೆಗೆ. ಊಟ, ಸಫಾರಿ ಅದರಲ್ಲೇ ಸೇರುತ್ತದೆ. ಮೊತ್ತ ನೋಡಿ ಗಾಬರಿಯಾಗುವ ಮೊದಲು ಇದನ್ನು ನೆನಪಿಡಿ. ವಾರದ ಮಧ್ಯೆ ಹೋದರೆ ಕಮ್ಮಿ, ಗಲಾಟೆಯೂ ಕಮ್ಮಿ. ದೊಡ್ಡ ಲೆನ್ಸ್ ಇದ್ದರೆ ಬೇರೆ ಶುಲ್ಕ ಇದೆಯಾ ಕೇಳಿಕೊಳ್ಳಿ. ಹೊರಡುವ ಹಿಂದಿನ ದಿನ ಸಫಾರಿ ನಡೆಯುತ್ತಿದೆಯಾ ಅಂತ ಫೋನ್ ಮಾಡಿ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ರೈತರು ಸತ್ತ ಮೇಲೆ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನೇ ನಿಲ್ಲಿಸಿದ್ದರು. ಬೇಸಿಗೆಯಲ್ಲಿ ಪ್ರಾಣಿ ಜಾಸ್ತಿ ಕಾಣುತ್ತವೆ, ಆದರೆ ಕಾಡ್ಗಿಚ್ಚಿನ ಭಯವೂ ಆಗಲೇ. ಹಸಿರು ಬೇಕಾದರೆ ಅಕ್ಟೋಬರ್‌ನಿಂದ ಜನವರಿ.

ಒಂದೇ ರಾತ್ರಿಗೆ ಹೋಗಬೇಡಿ. ಒಂದು ರಾತ್ರಿಯಲ್ಲಿ ಬರುವುದು, ಹೊರಡುವುದು ಅಷ್ಟೇ ಆಗುತ್ತದೆ. ಎರಡನೇ ದಿನದ ಮಧ್ಯಾಹ್ನ ಏನೂ ಮಾಡದೆ ಜಗಲಿಯಲ್ಲಿ ಕೂತಿದ್ದೇ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು.

ಬೆಟ್ಟದ ರಂಗನಾಥನ ದರ್ಶನವನ್ನು ಹೊರಡುವ ದಿನಕ್ಕೆ ಇಟ್ಟುಕೊಳ್ಳಿ. ಯಳಂದೂರು ಕಡೆ ಇಳಿದರೆ ದಾರಿಯಲ್ಲೇ ಸಿಗುತ್ತದೆ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ರಂಗಪ್ಪ ಸೋಲಿಗರಿಗೆಲ್ಲ ಭಾವ. ಅಲ್ಲಿ ಸ್ವಾಮಿಯ ದೊಡ್ಡ ತೊಗಲಿನ ಪಾದುಕೆಯನ್ನು ಭಕ್ತರ ತಲೆಗೆ ಮುಟ್ಟಿಸುತ್ತಾರೆ. ಮಗ ತಲೆ ತಗ್ಗಿಸಲು ಹಿಂದೆಮುಂದೆ ನೋಡಿದ, ಅತ್ತೆ ಅವನ ಕತ್ತು ಹಿಡಿದು ಬಗ್ಗಿಸಿದರು. ಸೋಲಿಗರು ಪೂಜಿಸುವ ‘ದೊಡ್ಡ ಸಂಪಿಗೆ’ ಮರ ನೋಡುವ ಆಸೆ ಇದ್ದರೆ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ, ಸುಮ್ನೆ ಗಾಡಿ ತಿರುಗಿಸಿಕೊಂಡು ಹೋಗಲು ಬಿಡುವುದಿಲ್ಲ. ನಮಗೆ ಅನುಮತಿ ಸಿಗಲಿಲ್ಲ. ಜೇನುತುಪ್ಪ ಕೊಂಡು, ಬೆಳಕಿರುವಾಗಲೇ ಗುಂಬಳ್ಳಿ ಗೇಟು ದಾಟಿದೆವು.