ಅಮ್ಮನಿಗೆ ಬೇಕಿದ್ದದ್ದು ರೆಸ್ಟ್ ಅಲ್ಲ

ಅಪ್ಪ ತೀರಿಕೊಂಡ ವರ್ಷ ಅಮ್ಮನನ್ನು ಮುಂಬೈ ಪಕ್ಕದ ಡೊಂಬಿವಲಿಗೆ ಕರೆದುಕೊಂಡು ಬಂದೆವು. ಆಗ ಅವಳಿಗೆ 72. ಊರು ಉಡುಪಿ ಕಡೆಯ ಶಂಕರಪುರದ ಹತ್ತಿರ. ಮನೆ ಸುತ್ತ ಮಲ್ಲಿಗೆ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತಿಗೆ ಸರಿಯಾಗಿ ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸುವುದು ಅವಳ ಐವತ್ತು ವರ್ಷದ ಕೆಲಸ. "ದುಡಿದದ್ದು ಸಾಕು, ಇನ್ನು ಆರಾಮಾಗಿ ಕೂತ್ಕೋ" ಅಂದೆವು. ಪ್ರೀತಿಯಿಂದಲೇ ಅಂದದ್ದು.

ಅಮ್ಮ ಕೂತಳು. ಎಂಟು ತಿಂಗಳು ಕೂತಳು. ಮೂರನೇ ಮಹಡಿಯ ಮನೆ, ಟಿವಿ, ಸೋಫಾ. ಮಧ್ಯಾಹ್ನ ನಿದ್ದೆ, ರಾತ್ರಿ ಎಚ್ಚರ. ಕುರ್ಚಿಯಿಂದ ಏಳಲು ಕೈ ಊರಬೇಕಾಯಿತು. ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದಳು. ಎಲ್ಲ ಪರೀಕ್ಷೆ ಮಾಡಿಸಿದೆವು, ದೊಡ್ಡ ಕಾಯಿಲೆ ಏನೂ ಇರಲಿಲ್ಲ. ನಮ್ಮ ಡಾಕ್ಟರು ಒಂದೇ ಮಾತು ಹೇಳಿದರು: "ಕಾಲಿನ ಶಕ್ತಿ ಹೋಗ್ತಾ ಇದೆ. ಏನಾದರೂ ಕೆಲಸ ಕೊಡಿ."

ಮುಂದಿನ ಸಲ ಊರಿಗೆ ಹೋದಾಗ ಬೇರು ಬಿಟ್ಟ ಎರಡು ಮಲ್ಲಿಗೆ ಗಿಡ ತಂದೆ. ಮತ್ಸ್ಯಗಂಧ ರೈಲಿನಲ್ಲಿ ರಾತ್ರಿಯಿಡೀ ಕಾಲ ಹತ್ತಿರ ಇಟ್ಟುಕೊಂಡು, ಠಾಣೆಯಲ್ಲಿ ಇಳಿದು, ಲೋಕಲ್‌ನಲ್ಲಿ ಎದೆಗೆ ಒತ್ತಿಕೊಂಡು ಬಂದೆ. ಅಮ್ಮ ಕವರು ಬಿಚ್ಚಿ, ಮೊದಲು ಬುಡದ ಮಣ್ಣು ಮೂಸಿದಳು.

ಕುಂಡಗಳನ್ನು ಮೊದಲು ಕಿಟಕಿಯ ಗ್ರಿಲ್‌ನಲ್ಲಿ ಇಟ್ಟೆವು. ಅದು ತಪ್ಪಾಯಿತು. ನೀರು ಕೆಳಗಿನವರ ಒಣಹಾಕಿದ ಬಟ್ಟೆ ಮೇಲೆ ಬಿತ್ತು. ಭಾರಕ್ಕೆ ಗ್ರಿಲ್ ತಡೆಯುತ್ತದೋ ಇಲ್ಲವೋ ಎಂಬ ಹೆದರಿಕೆ ಬೇರೆ. ಆಮೇಲೆ ಬಿಸಿಲು ಬೀಳುವ ಬಾಲ್ಕನಿಯಲ್ಲಿ, ಅಮ್ಮನ ಸೊಂಟದ ಎತ್ತರಕ್ಕೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆವು. ಬಗ್ಗುವ ಕಷ್ಟವಿಲ್ಲ, ತಲೆ ಸುತ್ತಿದರೆ ಹಿಡಿಯಲು ಕಂಬಿ ಇದೆ. ಕೆಂಪು ಮಣ್ಣಿಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸೇರಿಸಿದ್ದರಿಂದ ಕುಂಡವೂ ಹಗುರ. ಪಕ್ಕದಲ್ಲಿ ಬಸಳೆ, ಒಂದೆಲಗ, ಸಾಂಬ್ರಾಣಿ ಗಿಡ ಬಂದವು.

ಎರಡು ಗಿಡದಲ್ಲಿ ಎಷ್ಟು ಹೂವು ಬಂದೀತು? ಊರಲ್ಲಿ ಕಟ್ಟಿದ ಹೂವಿಗೆ ಚೆಂಡು, ಅಟ್ಟೆ ಲೆಕ್ಕ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಇಲ್ಲಿ ಒಳ್ಳೆಯ ದಿನ ನಲವತ್ತು ಮೊಗ್ಗು. ಆದರೂ ಅಮ್ಮ "ಒಂಜಿ, ರಡ್ಡ್, ಮೂಜಿ" ಅಂತ ತುಳುವಿನಲ್ಲಿ ಎಣಿಸುತ್ತಾಳೆ. ನಿನ್ನೆಯದಕ್ಕೆ ಹೋಲಿಸುತ್ತಾಳೆ. ಸಂಧಿವಾತದ ಬೆರಳಲ್ಲೇ ನಿಧಾನವಾಗಿ ಕಟ್ಟುತ್ತಾಳೆ. ಎಣಿಸುವುದು, ನೆನಪಿಡುವುದು, ಬೆರಳು ಆಡಿಸುವುದು ಎಲ್ಲ ಒಂದೇ ಕೆಲಸದಲ್ಲಿ ಸಿಗುತ್ತದೆ, ಅಲ್ವಾ? ಎದುರು ಮನೆಯ ಮರಾಠಿ ಅಜ್ಜಿ ಮೊಗ್ರಾ (ಮಲ್ಲಿಗೆ) ಕೇಳಿಕೊಂಡು ಬರತೊಡಗಿದರು. ಅಮ್ಮನ ಮರಾಠಿ ಶುರುವಾದದ್ದೇ ಅವರ ಜೊತೆ.

ಇದು ನಮ್ಮೊಂದು ಮನೆಯ ಕಥೆ ಮಾತ್ರವೇ ಎಂದು ತಿಳಿಯಲು ಸ್ವಲ್ಪ ಓದಿದೆ. ಆಸ್ಟ್ರೇಲಿಯಾದ ಡಬ್ಬೋ ಎಂಬ ಊರಿನಲ್ಲಿ 60 ದಾಟಿದ 2,805 ಜನರನ್ನು 16 ವರ್ಷ ಗಮನಿಸಿದ್ದರು. ದಿನಾ ತೋಟದ ಕೆಲಸ ಮಾಡುವವರಲ್ಲಿ ಮರೆವಿನ ಕಾಯಿಲೆಯ ಸಾಧ್ಯತೆ 36% ಕಡಿಮೆ ಕಂಡಿತು ಎಂದು 2006ರಲ್ಲಿ ಪ್ರಕಟಿಸಿದರು. ತೋಟಕ್ಕೆ ಇಳಿಯುವಷ್ಟು ಗಟ್ಟಿ ಇದ್ದವರೇ ಇಳಿದಿರಬಹುದು, ಹಾಗಾಗಿ ಇದನ್ನು ಔಷಧಿ ಎನ್ನಲಾರೆ. ನೆದರ್ಲೆಂಡ್ಸ್‌ನಲ್ಲಿ 2011ರಲ್ಲಿ ಬಂದ ಒಂದು ಪ್ರಯೋಗ ನನಗೆ ಇನ್ನೂ ಹತ್ತಿರ ಅನಿಸಿತು. ಮನಸ್ಸಿಗೆ ಒತ್ತಡ ಕೊಟ್ಟ ಮೇಲೆ ಕೆಲವರಿಗೆ 30 ನಿಮಿಷ ತೋಟದ ಕೆಲಸ, ಉಳಿದವರಿಗೆ ಓದು. ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ತೋಟದವರಲ್ಲೇ ಜಾಸ್ತಿ ಇಳಿಯಿತು. 65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ಆಡಿಸಬೇಕು, ಮೂರು ದಿನವಾದರೂ ಸಮತೋಲನ ಮತ್ತು ಶಕ್ತಿಗೆ ಕೆಲಸ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವ್ಯಾಯಾಮ ಮಾಡು ಎಂದರೆ ಅಮ್ಮ ಕೇಳುವವಳಲ್ಲ. ಬಸಳೆ ಚಪ್ಪರಕ್ಕೆ ಕೈ ಎತ್ತುತ್ತಾಳೆ, ನೀರಿಗಾಗಿ ಹತ್ತು ಸಲ ಓಡಾಡುತ್ತಾಳೆ. ಈಗ ಕೈ ಊರದೆ ಏಳುತ್ತಾಳೆ. ರಾತ್ರಿ ನಿದ್ದೆ ಬರುತ್ತದೆ.

ಎಚ್ಚರಿಕೆಯೂ ಬೇಕು. ಒದ್ದೆ ಟೈಲ್ಸ್ ಮೇಲೆ ಒಮ್ಮೆ ಜಾರಿ ಸ್ಟ್ಯಾಂಡ್ ಹಿಡಿದು ಉಳಿದಳು. ಅಂದಿನಿಂದ ದಪ್ಪ ಮ್ಯಾಟ್ ಇದೆ. ವಯಸ್ಸಾದವರಿಗೆ ಬಾಯಾರಿಕೆ ಬೇಗ ಗೊತ್ತಾಗುವುದಿಲ್ಲ, ಪಕ್ಕದಲ್ಲೇ ಕುಡಿಯುವ ನೀರು ಇರಲಿ. ಚರ್ಮ ತೆಳುವಾಗಿರುತ್ತದೆ. ಸಕ್ಕರೆ ಕಾಯಿಲೆ ಇದ್ದರಂತೂ ಕೈಗವಸು ಬೇಕೇ ಬೇಕು. ಟೆಟನಸ್ ಚುಚ್ಚುಮದ್ದಿನ ಬಗ್ಗೆ ಡಾಕ್ಟರನ್ನು ಕೇಳಿ. ಕುಂಡದ ಕೆಳಗಿನ ತಟ್ಟೆಯ ನೀರನ್ನು ವಾರದೊಳಗೆ ಚೆಲ್ಲಿ ಉಜ್ಜಿ, ಡೆಂಗಿ ಸೊಳ್ಳೆ ಬೆಳೆಯುವುದು ಅಲ್ಲೇ.

ಊರಿಂದ ಅಪ್ಪ ಅಮ್ಮನನ್ನು ಮುಂಬೈಗೆ ಕರೆತರುವ ಯೋಚನೆಯಲ್ಲಿದ್ದರೆ, ಸಾಮಾನಿನ ಜೊತೆಗೇ ಅವರ ಅಂಗಳದ ಒಂದು ಗಿಡವನ್ನೂ ತನ್ನಿ. ನಾನು ಎಂಟು ತಿಂಗಳು ತಡ ಮಾಡಿದೆ.

ಈ ಸಲ ಅಪ್ಪನ ತಿಥಿಗೆ ಮಾಟುಂಗಾ ಮಾರ್ಕೆಟ್ಟಿನಿಂದ ಊರಿನ ಮಲ್ಲಿಗೆ ಒಂದು ಅಟ್ಟೆ ತರಲೇ ಎಂದು ಕೇಳಿದೆ. ಬೇಡ ಎಂದಳು. ಹಿಂದಿನ ದಿನದ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಬೆಳಿಗ್ಗೆ ಕೊಯ್ದದ್ದನ್ನು ಅದಕ್ಕೆ ಸೇರಿಸಿ ಕಟ್ಟಿದಳು. ಒಂದು ಗೇಣು ಬಂತು. ಫೋಟೋಗೆ ತಾನೇ ಹಾಕಿದಳು.