ಕಾಡುದಾರಿಯಲ್ಲಿ ಉಲ್ಟಾ ಅಂಕಿ

ಬಸ್ಸಿಳಿಯುವ ಹೊತ್ತಿಗೆ ತಲೆ ಗೊಂದಲದ ಗೂಡಾಗಿತ್ತು. ದಾರಿಯುದ್ದಕ್ಕೂ ಫೋನ್ ಕೈಬಿಟ್ಟಿರಲಿಲ್ಲ, ಇನ್ನೇನಾಗುತ್ತೆ? ಕಾಡುದಾರಿ ಶುರುವಾಗುವಲ್ಲೇ ಗೆಳೆಯ ನಿಲ್ಲಿಸಿದ. ‘ನಾನು ಹೇಳೋ ಅಂಕಿಗಳನ್ನ ಹಿಂದಿನಿಂದ ಹೇಳು.’ ನಾಲ್ಕು ಅಂಕಿ ಸಲೀಸಾಗಿ ಬಂತು. ಐದಕ್ಕೆ ತಡವರಿಸಿದೆ. ಆರಕ್ಕೆ ಅರ್ಧದಲ್ಲೇ ಸಿಕ್ಕಿಬಿದ್ದೆ. ಅಂಕಿಗಳನ್ನು ಹಿಡಿದಿಟ್ಟುಕೊಂಡೇ ತಿರುಗಿಸಬೇಕು. ಮನಸ್ಸು ಒಂಚೂರು ಜಾರಿದರೂ ಎಲ್ಲ ಉದುರಿಹೋಗುತ್ತದೆ.

ಇದು ಅವನು ಕಟ್ಟಿದ ಆಟವಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮನಃಶಾಸ್ತ್ರ ಸಂಶೋಧಕರಾದ ಮಾರ್ಕ್ ಬರ್ಮನ್, ಜಾನ್ ಜೋನೈಡ್ಸ್ ಮತ್ತು ಸ್ಟೀಫನ್ ಕಪ್ಲಾನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಪರೀಕ್ಷೆ ಇತ್ತು. ಭಾಗವಹಿಸಿದವರಿಗೆ ಒಂದು ವಾರ ಒಮ್ಮೆ ಮರಗಳ ನಡುವೆ, ಇನ್ನೊಂದು ವಾರ ಒಮ್ಮೆ ನಗರದ ರಸ್ತೆಯಲ್ಲಿ, ಸುಮಾರು 50 ನಿಮಿಷ ನಡಿಗೆ. ಮರಗಳ ಕಡೆಯಿಂದ ಬಂದಾಗ ಅಂಕಿಗಳು ಚೆನ್ನಾಗಿ ನಿಂತವು. ರಸ್ತೆಯಿಂದ ಬಂದಾಗ ಅಷ್ಟು ಲಾಭ ಕಾಣಲಿಲ್ಲ.

ಮೊದಲರ್ಧ ಗಂಟೆ ನನಗೆ ಕಾಡು ಕಂಡೇ ಇಲ್ಲ. ಸಿಗ್ನಲ್ಲೇ ಇಲ್ಲದ ಫೋನ್ ಜೇಬಲ್ಲಿ ನಡುಗಿದಂತೆ ಅನಿಸಿ ಎರಡು ಸಲ ತೆಗೆದು ನೋಡಿದೆ!

ಆಮೇಲೊಂದು ತೊರೆ. ಕಲ್ಲಿನ ಹಿಂದೆ ನೀರು ಸುಳಿ ಕಟ್ಟಿತ್ತು, ಅದರಲ್ಲಿ ಒಂದು ಒಣ ಎಲೆ. ಸುತ್ತುತ್ತದೆ, ಅಂಚಿಗೆ ಬರುತ್ತದೆ, ಇನ್ನೇನು ತಪ್ಪಿಸಿಕೊಂಡಿತು ಅನ್ನುವಷ್ಟರಲ್ಲಿ ಮತ್ತೆ ಒಳಗೆ. ಎಷ್ಟು ಹೊತ್ತು ನೋಡುತ್ತಾ ನಿಂತೆವೋ. ರಸ್ತೆಯಲ್ಲಾದರೆ ಹಾರ್ನು, ಬೈಕು, ಬೋರ್ಡು, ಒಂದೊಂದೂ ‘ಇಲ್ಲಿ ನೋಡು’ ಅಂತ ಜಗ್ಗುತ್ತದೆ. ಬೇಡದ್ದನ್ನು ತಳ್ಳಿ ತಳ್ಳಿಯೇ ಮನಸ್ಸು ಸುಸ್ತಾಗುತ್ತದೆ, ಅಲ್ವಾ? ಎಲೆಗೆ ನನ್ನಿಂದ ಏನೂ ಬೇಕಿರಲಿಲ್ಲ. ಕಣ್ಣು ಸುಮ್ನೆ ಅಲ್ಲಿತ್ತು. ಇಂಥ ಹಗುರ ಸೆಳೆತದಲ್ಲೇ ದಣಿದ ಗಮನ ಸುಧಾರಿಸಿಕೊಳ್ಳುತ್ತದೆ ಎಂಬುದು ರೇಚೆಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿಯ ವಾದ.

ವಾಪಸ್ ಬರುವಾಗ ಜೋರು ಮಳೆ. ಶೂ ಒಳಗೆಲ್ಲ ನೀರು. ‘ಇದರಿಂದ ಯಾವ ಮನಸ್ಸು ಸರಿಹೋಗುತ್ತೋ’ ಅಂತ ಗೊಣಗಿದೆ. ಅವನು ನಕ್ಕ. ಆ ಅಧ್ಯಯನದಲ್ಲಿ ಚಳಿಗಾಲದಲ್ಲಿ ನಡೆದವರಿಗೂ ಲಾಭವಾಗಿತ್ತಂತೆ. ಖುಷಿಪಡಲೇಬೇಕು ಅಂತೇನಿಲ್ಲ. ನನಗೆ ಇದೇ ಜಾಸ್ತಿ ಹಿಡಿಸಿತು.

ಬಸ್ಸಿಗೆ ಕಾಯುತ್ತಾ ಮತ್ತೆ ಅಂಕಿ. ಈ ಸಲ ಆರೂ ಸರಿ. ಏಳಕ್ಕೆ ಬಿದ್ದೆ. ಎರಡನೇ ಸಲವಾದ್ದರಿಂದ ಅಭ್ಯಾಸದ ಪಾಲೂ ಇರಬಹುದು. ಮಿಷಿಗನ್‌ನವರು ಅದಕ್ಕೇ ಕೆಲವರನ್ನು ಮೊದಲು ಮರಗಳತ್ತ, ಕೆಲವರನ್ನು ಮೊದಲು ರಸ್ತೆಗೆ ಕಳಿಸಿದ್ದರು. ನಾವಿದ್ದದ್ದು ಇಬ್ಬರೇ, ಅದೂ ಒದ್ದೆಮುದ್ದೆಯಾಗಿ.

ಬಸ್ ಬಂತು. ಸೀಟಲ್ಲಿ ಕೂತಿದ್ದೇ ಕೈ ಜೇಬಿಗೆ ಹೋಯಿತು. ಪಕ್ಕದಿಂದ ಅವನು ಶುರು ಮಾಡಿದ: ‘8, 3, 5...’