ಪಾರಿವಾಳದ ಹೆಸರಲ್ಲಿ ಹದಿನೆಂಟು ಯಾಕೆ?

ಕತ್ತಿನ ಹಿಂದೆ ಕಪ್ಪು ಗೆರೆ ಇರೋ ಬೂದು ಬೆಳವ ನೋಡಿದೀರಲ್ಲ, ಅದರ ವೈಜ್ಞಾನಿಕ ಹೆಸರು ಸ್ಟ್ರೆಪ್ಟೊಪೀಲಿಯಾ ಡೆಕಾಓಕ್ಟೊ. ಸ್ಟ್ರೆಪ್ಟೊಸ್ ಅಂದ್ರೆ ಗ್ರೀಕಲ್ಲಿ ತಿರುಚಿದ ಕತ್ತಿನ ಪಟ್ಟಿ, ಪೆಲೀಯಾ ಅಂದ್ರೆ ಪಾರಿವಾಳ, ಇಷ್ಟು ಸರಿ, ಆದ್ರೆ ಡೆಕಾಓಕ್ಟೊ ಅಂದ್ರೆ 18! ಇದೇನಪ್ಪಾ ಅಂತ ಹುಡುಕಿದ್ರೆ ಒಂದು ಕಥೆ ಸಿಕ್ತು: ವರ್ಷಪೂರ್ತಿ ದುಡಿದ್ರೂ ಬರೀ 18 ನಾಣ್ಯ ಸಂಬಳ ಸಿಗ್ತಿದ್ದ ಒಬ್ಬ ಕೆಲಸದವಳು ದೇವರ ಹತ್ರ ಗೋಳಾಡಿದ್ಳಂತೆ, ಆ ಜಿಪುಣತನ ಲೋಕಕ್ಕೆಲ್ಲ ಗೊತ್ತಾಗ್ಲಿ ಅಂತ ದೇವರು ಈ ಹಕ್ಕಿ ಮಾಡಿ "ಡೆಕಾ-ಓಕ್ಟೊ" ಅಂತ ಕೂಗಿಸಿದನಂತೆ. ಕೂಗು ಕೇಳಿ ನೋಡಿ, ಕುಕ್-ಕೂ-ಕುಕ್, ಸ್ವಲ್ಪ ಮನಸ್ಸು ಮಾಡಿದ್ರೆ ಹಾಗೇ ಕೇಳ್ಸತ್ತೆ. 1838ರಲ್ಲಿ ಹಂಗೇರಿಯ ಜೀವವಿಜ್ಞಾನಿ ಫ್ರಿವಾಲ್ಡ್‌ಸ್ಕಿ ಇದನ್ನೇ ಹೆಸರು ಮಾಡಿಬಿಟ್ಟ.

ಲ್ಯಾಟಿನ್‌ನಲ್ಲಿ ಬೆಳವಕ್ಕೆ ಇರೋ ಟುರ್ಟುರ್ ಅನ್ನೋ ಹೆಸರೂ ಬರೀ ಕೂಗಿನ ನಕಲು. ಇಂಗ್ಲಿಷಿನ ಟರ್ಟಲ್ ಡವ್ ಅಲ್ಲಿಂದ್ಲೇ ಬಂದಿದ್ದು, ಆಮೆಗೂ ಅದಕ್ಕೂ ಏನೂ ಸಂಬಂಧ ಇಲ್ಲ (ನಾನು ತುಂಬಾ ದಿನ ಇದೆ ಅಂದ್ಕೊಂಡಿದ್ದೆ).

ಮಾಮೂಲಿ ಪಾರಿವಾಳ ಕೊಲಂಬಾ ಲಿವಿಯಾ, ಲಿವಿಯಾ ಅಂದ್ರೆ ನೀಲಿ ಬೂದು, ಅಷ್ಟೇ. ಅಮೆರಿಕದ ಬೆಳವಗಳ ಒಂದು ಕುಲದ ಹೆಸರು ಜೆನೈಡಾ ಮಾತ್ರ ಮುದ್ದಾಗಿದೆ: ನೆಪೋಲಿಯನ್ನನ ಅಣ್ಣನ ಮಗಳು ಜೆನೈಡ್ ಹೆಸರು, ಇಟ್ಟಿದ್ದು ಪಕ್ಷಿತಜ್ಞನಾಗಿದ್ದ ಅವಳ ಗಂಡ ಷಾರ್ಲ್ ಲೂಸಿಯನ್ ಬೊನಪಾರ್ಟ್!